ಇಲ್ಲದ ಬೆಟ್ಟಗಳ ಚರಿತ್ರೆ

1799ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಮುಂಗೋ ಪಾರ್ಕನ ಆಫ್ರಿಕ ಪ್ರವಾಸ ಕಥನದ ಜೊತೆಗೆ ಒಂದು ಭೂಪಟವೂ ಇತ್ತು. ಅದನ್ನು ಹಿಂದಿನ ವರ್ಷ ಸಿದ್ಧಪಡಿಸಿಕೊಟ್ಟವನು ಜೇಮ್ಸ್ ರೆನೆಲ್, ಆ ಕಾಲದ ಇಂಗ್ಲೆಂಡಿನಲ್ಲಿ ತುಂಬ ಹೆಸರು ಮಾಡಿದ್ದ ಭೂಗೋಳಜ್ಞ. ಅದರಲ್ಲಿ ನೈಜರ್ ನದಿಯ ದಕ್ಷಿಣಕ್ಕೆ, ಪಶ್ಚಿಮದಿಂದ ಪೂರ್ವಕ್ಕೆ, ಉದ್ದಾನುದ್ದ ಒಂದು ಪರ್ವತಸಾಲು ಹಬ್ಬಿದೆ. ಅದರ ಹೆಸರು ಕಾಂಗ್ ಪರ್ವತಗಳು. ಮುಂದೆ ಹತ್ತಿರ ಹತ್ತಿರ ತೊಂಬತ್ತು ವರ್ಷ ಯುರೋಪಿನ ಭೂಪಟಗಳಲ್ಲಿ ಈ ಸಾಲು ಗಟ್ಟಿಯಾಗಿ ನಿಂತಿತು. ಕೆಲವು ಭೂಪಟಗಳಲ್ಲಿ ಅದು ಪೂರ್ವಕ್ಕೆ ಬೆಳೆಯುತ್ತ ಹೋಗಿ, ಟಾಲೆಮಿಯ ಕಾಲದಿಂದ ನಡೆದುಬಂದಿದ್ದ ಚಂದ್ರಪರ್ವತಗಳನ್ನೇ ಕೂಡಿಕೊಂಡಿತು. 1888ರಲ್ಲಿ ಲೂಯಿ ಗುಸ್ತಾವ್ ಬ್ಯಾಂಜೆ ಎಂಬ ಫ್ರೆಂಚ್ ಸೇನಾಧಿಕಾರಿ ಕಾಂಗ್ ಎಂಬ ಊರನ್ನು ತಲುಪಿದ. ಊರು ಇತ್ತು, ಅಲ್ಲಿ ವ್ಯಾಪಾರ ಇತ್ತು, ಜನ ಇದ್ದರು. ಪರ್ವತಸಾಲು ಇರಲಿಲ್ಲ. ಮರುವರ್ಷ ಪ್ಯಾರಿಸಿಗೆ ಮರಳಿ ಅವನು ಇದನ್ನು ವರದಿ ಮಾಡಿದ ಮೇಲೆ ಕಾಂಗ್ ಪರ್ವತಗಳು ಭೂಪಟಗಳಿಂದ ಒಂದೊಂದಾಗಿ ಅಳಿದುಹೋದವು.

ಇಂಥ ಸಂಗತಿಗಳನ್ನು ಒಟ್ಟುಮಾಡಿ, ಮೂಲ ಭೂಪಟಗಳ ಬಣ್ಣದ ಪ್ರತಿಗಳೊಂದಿಗೆ ಹೊರತರುವ ಪುಸ್ತಕಗಳದ್ದೇ ಒಂದು ಪ್ರಕಾರ ಇಂದು ಬೆಳೆದಿದೆ. ಉಂಬೆರ್ತೊ ಎಕೋ 2013ರಲ್ಲಿ ಕಥೆಗಳಲ್ಲಿ ಮಾತ್ರ ಇದ್ದ ನಾಡುಗಳ ಬಗ್ಗೆ ದೊಡ್ಡ ಸಚಿತ್ರ ಗ್ರಂಥ ತಂದ. ಅದೇ ವರ್ಷ ಚೆಟ್ ವಾನ್ ಡ್ಯೂಜರ್ ಹಳೆಯ ಭೂಪಟಗಳಲ್ಲಿ ಈಜಾಡುವ ಸಮುದ್ರರಾಕ್ಷಸರ ಬಗ್ಗೆಯೇ ಒಂದು ಪುಸ್ತಕ ಬರೆದರು. ಎಡ್ವರ್ಡ್ ಬ್ರೂಕ್-ಹಿಚಿಂಗ್ 2016ರ 'ದಿ ಫ್ಯಾಂಟಮ್ ಅಟ್ಲಾಸ್'ನಲ್ಲಿ ಭೂಪಟದಲ್ಲಿದ್ದು ಭೂಮಿಯ ಮೇಲೆ ಇಲ್ಲದ ಜಾಗಗಳನ್ನು ಸಾಲಾಗಿ ಇಟ್ಟರು. ಈ ಪುಸ್ತಕಗಳು ಓದುಗರನ್ನು ಯಾಕೆ ಹೀಗೆ ಹಿಡಿದಿಡುತ್ತವೆ ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಸುಲಭದ್ದು: ಚಿತ್ರಗಳು ಚೆನ್ನಾಗಿವೆ, ಹಿಂದಿನವರ ಅಜ್ಞಾನ ಮೋಜು ಕೊಡುತ್ತದೆ. ಈ ಉತ್ತರ ಪೂರ್ತಿ ಸುಳ್ಳಲ್ಲ, ಆದರೆ ಮೇಲುಮೇಲಿನದು. ಮನುಷ್ಯನ ತಿಳಿವಳಿಕೆ ಹೇಗೆ ಹುಟ್ಟುತ್ತದೆ, ಹೇಗೆ ದಾರಿ ತಪ್ಪುತ್ತದೆ, ಹೇಗೆ ತನ್ನನ್ನು ತಿದ್ದಿಕೊಳ್ಳುತ್ತದೆ ಎಂಬುದನ್ನು ಕಣ್ಣಿಗೆ ಕಾಣುವಂತೆ ಮುಂದಿಡುವುದು ಹಳೆಯ ಭೂಪಟಗಳ ಸಾಲಿಗೆ ಸಾಧ್ಯ, ಮತ್ತು ಅದನ್ನು ಸಾಮಾನ್ಯ ಓದುಗನ ಕೈಗೆ ತಲುಪಿಸಲು ಸಚಿತ್ರ ಪುಸ್ತಕಕ್ಕಿಂತ ಒಳ್ಳೆಯ ಸಾಧನ ಇಲ್ಲ. ಅವುಗಳ ನಿಜವಾದ ಸೆಳೆತ ಇಲ್ಲಿದೆ ಎಂಬುದು ನನ್ನ ವಾದ.

ರೆನೆಲ್‌ನ ತಪ್ಪನ್ನೇ ಹತ್ತಿರದಿಂದ ನೋಡೋಣ. ಅವನು ಮನೆಯಲ್ಲಿ ಕೂತು ಊಹೆ ಮಾಡಿದ ಪಂಡಿತನಲ್ಲ. 1767ರಿಂದ ಹತ್ತು ವರ್ಷ ಬಂಗಾಳದ ಸರ್ವೇಯರ್ ಜನರಲ್ ಆಗಿದ್ದವನು. ಗಂಗೆ ಮತ್ತು ಬ್ರಹ್ಮಪುತ್ರೆಯ ಕವಲುಗಳನ್ನು ದೋಣಿಯಲ್ಲಿ ಸುತ್ತಿ, ಅಳೆದು, ಬಂಗಾಳದ ಅಟ್ಲಾಸ್ ತಂದವನು. 1782ರಲ್ಲಿ ಹಿಂದುಸ್ತಾನದ ಭೂಪಟ ಪ್ರಕಟಿಸಿದಾಗ ಅದರ ಜೊತೆಗೇ ಒಂದು ವಿವರಣಾ ಗ್ರಂಥ ಬರೆದು, ಯಾವ ಭಾಗಕ್ಕೆ ಯಾರ ಆಧಾರ, ಎಲ್ಲಿ ಅಳತೆ ಇದೆ, ಎಲ್ಲಿ ಇಲ್ಲ ಎಂದು ಲೆಕ್ಕ ಒಪ್ಪಿಸಿದವನು. ಇಂಥವನು ಇಲ್ಲದ ಪರ್ವತವನ್ನು ಹೇಗೆ ಬರೆದ? ಪಾರ್ಕ್ ತನ್ನ ಪ್ರಯಾಣದಲ್ಲಿ ಒಂದು ಎತ್ತರದ ಜಾಗದಿಂದ ಬಹುದೂರದಲ್ಲಿ ಕೆಲವು ಬೆಟ್ಟಗಳನ್ನು ಕಂಡಿದ್ದ. ಅವು ಕಾಂಗ್ ಎಂಬ ದೊಡ್ಡ ರಾಜ್ಯದಲ್ಲಿವೆ ಎಂದು ಸ್ಥಳೀಯರು ಹೇಳಿದ್ದರು. ನೈಜರ್ ನದಿ ಪೂರ್ವಕ್ಕೆ ಹರಿಯುತ್ತದೆ ಎಂಬುದನ್ನೂ ಪಾರ್ಕ್ ಕಣ್ಣಾರೆ ಕಂಡು ಬಂದಿದ್ದ. ಆ ನದಿ ಒಳನಾಡಿನ ತಗ್ಗಿನಲ್ಲಿ ಹರಡಿ, ಬಿಸಿಲಿಗೆ ಆವಿಯಾಗಿ ಮುಗಿಯುತ್ತದೆ ಎಂಬುದು ರೆನೆಲ್‌ನ ಸಿದ್ಧಾಂತ. ಹಾಗಾಗಬೇಕಾದರೆ ನದಿ ದಕ್ಷಿಣಕ್ಕೆ ತಿರುಗಿ ಗಿನಿ ಕೊಲ್ಲಿಯನ್ನು ಸೇರದಂತೆ ಏನೋ ಅಡ್ಡ ಇರಲೇಬೇಕು. ಪಾರ್ಕ್ ಕಂಡ ಬೆಟ್ಟಗಳು ಆ ಜಾಗಕ್ಕೆ ಸರಿಯಾಗಿ ಕೂತವು. ನಾಲ್ಕಾರು ಶಿಖರಗಳು ಎಳೆದು ಉದ್ದವಾದವು, ಸಾಲಾದವು. ತನ್ನ ತರ್ಕವನ್ನೆಲ್ಲ ಪಾರ್ಕನ ಪುಸ್ತಕದ ಅನುಬಂಧದಲ್ಲಿ ರೆನೆಲ್ ಬಿಡಿಸಿಯೂ ಹೇಳಿದ. 1830ರಲ್ಲಿ ಲ್ಯಾಂಡರ್ ಸಹೋದರರು ನೈಜರ್‌ನಲ್ಲಿ ದೋಣಿ ಸಾಗಿಸಿ ಅದು ಗಿನಿ ಕೊಲ್ಲಿಯಲ್ಲೇ ಸಮುದ್ರ ಸೇರುವುದನ್ನು ತೋರಿಸಿದರು. ಆಗ ಆ ಸಿದ್ಧಾಂತವೇ ಬಿದ್ದುಹೋಯಿತು. ಆದರೆ ಸಿದ್ಧಾಂತಕ್ಕಾಗಿ ಎದ್ದು ನಿಂತ ಪರ್ವತ ಇನ್ನೂ ಐವತ್ತು ವರ್ಷಕ್ಕೂ ಹೆಚ್ಚು ಕಾಲ ಬೀಳಲಿಲ್ಲ. ಭೂಪಟ ಬರೆಯುವವರು ರೆನೆಲ್‌ನ ತರ್ಕವನ್ನು ಮತ್ತೆ ಪರೀಕ್ಷಿಸಲು ಹೋಗಲಿಲ್ಲ. ಅವನ ಭೂಪಟವನ್ನು ನೋಡಿ ಬರೆದುಕೊಂಡರು.

ಈ ಕಥೆಯಲ್ಲಿ ಅಜ್ಞಾನ ಎಂಬುದು ಎಲ್ಲಿದೆ? ಸಾಕ್ಷಿ ಇತ್ತು, ತರ್ಕ ಇತ್ತು, ಪ್ರಾಮಾಣಿಕತೆಯೂ ಇತ್ತು. ಸಾಕ್ಷಿ ಹೇಳಿದ್ದಕ್ಕಿಂತ ಹೆಚ್ಚನ್ನು ಅದರಿಂದ ಹೇಳಿಸಿದ್ದು ತಪ್ಪಾಯಿತು. ಹೇಳಿದವನ ಹೆಸರು ದೊಡ್ಡದಾಗಿದ್ದರಿಂದ ಆ ತಪ್ಪು ಉಳಿಯಿತು. ರೆನೆಲ್‌ಗಿಂತ ಅರ್ಧ ಶತಮಾನ ಹಿಂದೆ, 1749ರಲ್ಲಿ, ಫ್ರಾನ್ಸಿನ ದಾಂವಿಲ್ ಆಫ್ರಿಕದ ಭೂಪಟ ಮಾಡಿದಾಗ ಆಧಾರವಿಲ್ಲದ ನದಿ ಬೆಟ್ಟಗಳನ್ನೆಲ್ಲ ತೆಗೆದುಹಾಕಿ ಖಂಡದ ಒಳಭಾಗವನ್ನು ಬಹುಪಾಲು ಖಾಲಿ ಬಿಟ್ಟಿದ್ದ. ದಾಂವಿಲ್‌ನ ಖಾಲಿ ಆಫ್ರಿಕ ಮತ್ತು ರೆನೆಲ್‌ನ ಬೆಟ್ಟ ತುಂಬಿದ ಆಫ್ರಿಕ ಎದುರುಬದುರು ಪುಟಗಳಲ್ಲಿ ಬಂದಾಗ ಓದುಗನ ಮನಸ್ಸಿನಲ್ಲಿ ಒಂದು ಪ್ರಶ್ನೆ ತಾನಾಗಿ ಏಳುತ್ತದೆ. ಹಿಂದಿನವನು ಸಂಯಮದಿಂದ ಖಾಲಿ ಬಿಟ್ಟ ಜಾಗವನ್ನು ಮುಂದಿನವನು ತಪ್ಪಾಗಿ ತುಂಬಿದ್ದಾನಲ್ಲ, ಹಾಗಾದರೆ ಕಾಲ ಸರಿದಂತೆ ತಿಳಿವಳಿಕೆ ಹೆಚ್ಚುತ್ತಲೇ ಹೋಗುತ್ತದೆ ಎಂಬ ನಮ್ಮ ನಂಬಿಕೆಯ ಗತಿ ಏನು?

ಕ್ಯಾಲಿಫೋರ್ನಿಯದ ಭೂಪಟಗಳು ಇದೇ ಪ್ರಶ್ನೆಯನ್ನು ಇನ್ನೂ ಜೋರಾಗಿ ಕೇಳುತ್ತವೆ. 16ನೇ ಶತಮಾನದ ಆರಂಭದ ಒಂದು ಸ್ಪ್ಯಾನಿಶ್ ಸಾಹಸಕಥೆಯಲ್ಲಿ ಕ್ಯಾಲಿಫೋರ್ನಿಯ ಎಂಬುದು ಭೂಸ್ವರ್ಗದ ಹತ್ತಿರದ ದ್ವೀಪ; ಅದನ್ನು ಆಳುವವಳು ಕಲಾಫಿಯ ಎಂಬ ರಾಣಿ. ಆ ಹೆಸರನ್ನು ಸ್ಪೇನಿನವರು ಮೆಕ್ಸಿಕೋದ ಪಶ್ಚಿಮದ ನೆಲಕ್ಕೆ ಇಟ್ಟರು. 1539ರಲ್ಲಿ ಫ್ರಾನ್ಸಿಸ್ಕೊ ದೆ ಉಲ್ಯೋವ ಆ ನೆಲಕ್ಕೂ ಮೆಕ್ಸಿಕೋಗೂ ನಡುವಿನ ಕೊಲ್ಲಿಯ ತುದಿಯವರೆಗೂ ಹಡಗು ನಡೆಸಿ, ಅದು ದ್ವೀಪವಲ್ಲ, ಮೂರು ಕಡೆ ಮಾತ್ರ ನೀರಿರುವ ಪರ್ಯಾಯದ್ವೀಪ ಎಂದು ಕಂಡುಕೊಂಡ. ಮರ್ಕೇಟರ್, ಓರ್ಟೇಲಿಯಸ್ ಮೊದಲಾದವರ ಭೂಪಟಗಳಲ್ಲಿ ಅದು ಸರಿಯಾಗಿಯೇ ಬಂತು. ಆಮೇಲೆ ತಿಳಿವಳಿಕೆ ಹಿಂದಕ್ಕೆ ಹೋಯಿತು. 1602ರಲ್ಲಿ ಹೊರಟ ವಿಸ್ಕೈನೋನ ನೌಕಾಯಾತ್ರೆಯಲ್ಲಿದ್ದ ಆಂತೋನಿಯೊ ದೆ ಲಾ ಅಸೆನ್ಸಿಯೋನ್ ಎಂಬ ಪಾದ್ರಿ ಕ್ಯಾಲಿಫೋರ್ನಿಯ ದ್ವೀಪವೇ ಎಂದು ವಾದಿಸಿದ. 1622ರ ಹೊತ್ತಿಗೆ ಆಮ್‌ಸ್ಟರ್‌ಡಾಮಿನಲ್ಲಿ ಅಚ್ಚಾದ ಒಂದು ಪುಸ್ತಕದ ಮುಖಪುಟದ ಪುಟ್ಟ ಭೂಪಟದಲ್ಲಿ ಕ್ಯಾಲಿಫೋರ್ನಿಯ ನೆಲದಿಂದ ಕಡಿದು ಬೇರೆಯಾಗಿತ್ತು. 1625ರಲ್ಲಿ ಗಣಿತಜ್ಞ ಹೆನ್ರಿ ಬ್ರಿಗ್ಸ್ ಅದನ್ನು ಲಂಡನ್ನಿನಲ್ಲಿ ದೊಡ್ಡ ಭೂಪಟವಾಗಿ ತಂದ. ಅಲ್ಲಿಂದ ಮುಂದೆ ಒಂದು ಶತಮಾನಕ್ಕೂ ಮಿಕ್ಕಿ ಯುರೋಪಿನ ಹೆಸರಾಂತ ಮುದ್ರಣಾಲಯಗಳಿಂದ ಆ ದ್ವೀಪ ಮತ್ತೆ ಮತ್ತೆ ಹೊರಬಿತ್ತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಒಂದು ಸಂಗ್ರಹದಲ್ಲಿ ಕ್ಯಾಲಿಫೋರ್ನಿಯವನ್ನು ದ್ವೀಪವಾಗಿ ತೋರಿಸುವ ಭೂಪಟಗಳೇ 700ಕ್ಕೂ ಹೆಚ್ಚಿವೆ.

ಈ ತಪ್ಪು ತಿದ್ದಲ್ಪಟ್ಟ ಬಗೆ ಇನ್ನೂ ಕುತೂಹಲಕರ. ಯುಸೇಬಿಯೊ ಕೀನೊ ಎಂಬ ಜೆಸ್ಯುಟ್ ಪಾದ್ರಿ ಮೊದಲು ತಾನೂ ದ್ವೀಪದ ಮಾತನ್ನು ಒಪ್ಪಿಕೊಂಡಿದ್ದವನು. 1699ರಲ್ಲಿ ಅವನು ಕೊಲ್ಲಿಯ ಪೂರ್ವಕ್ಕಿರುವ ಒಳನಾಡಿನಲ್ಲಿ ಸಂಚರಿಸುತ್ತಿದ್ದಾಗ ಅಲ್ಲಿನ ಜನ ಕಾಣಿಕೆಯಾಗಿ ಕೆಲವು ನೀಲಿ ಚಿಪ್ಪುಗಳನ್ನು ಕೊಟ್ಟರು. ಅಂಥ ಚಿಪ್ಪನ್ನು ಅವನು ಹಿಂದೆ ಕಂಡಿದ್ದು ಕ್ಯಾಲಿಫೋರ್ನಿಯದ ಹೊರದಡದಲ್ಲಿ, ಪೆಸಿಫಿಕ್ ಸಾಗರದ ಬದಿಯಲ್ಲಿ ಮಾತ್ರ. ನಡುವೆ ಸಮುದ್ರ ಇದ್ದರೆ, ದೊಡ್ಡ ಹಡಗುಗಳಿಲ್ಲದ ಈ ಜನರಿಗೆ ಆ ಚಿಪ್ಪು ಸಿಕ್ಕಿದ್ದಾದರೂ ಹೇಗೆ? ನೆಲದ ದಾರಿ ಇರಲೇಬೇಕು ಎಂದು ತರ್ಕಿಸಿ, ಮತ್ತೆ ಮತ್ತೆ ಕುದುರೆಯ ಮೇಲೆ ಹೋಗಿ, ಕೊಲೊರಾಡೊ ನದಿಯ ಮುಖದವರೆಗೆ ನೋಡಿ ಬಂದ. ನೆಲದ ದಾರಿಯನ್ನು ತೋರಿಸುವ ಅವನ ಭೂಪಟ 1705ರಲ್ಲಿ ಪ್ರಕಟವಾಯಿತು. ಅಷ್ಟಾದರೂ ವಿವಾದ ನಿಲ್ಲದೆ, 1747ರಲ್ಲಿ ಸ್ಪೇನಿನ ದೊರೆ ಆರನೆಯ ಫರ್ಡಿನಾಂಡ್ ಕ್ಯಾಲಿಫೋರ್ನಿಯ ದ್ವೀಪವಲ್ಲ ಎಂದು ರಾಜಾಜ್ಞೆಯನ್ನೇ ಹೊರಡಿಸಬೇಕಾಯಿತು. ಸರಿಯಾಗಿದ್ದದ್ದು ತಪ್ಪಾಗಿ, ತಪ್ಪಾದದ್ದು ಮತ್ತೆ ಸರಿಯಾಗಲು ಇಷ್ಟು ಕಾಲ ಹಿಡಿಯಿತು. ಇದನ್ನು ಬರೀ ಮಾತಿನಲ್ಲಿ ಹೇಳಿದರೆ ಓದುಗ ತಲೆದೂಗಿ ಮುಂದೆ ಹೋಗಬಹುದು. ಓರ್ಟೇಲಿಯಸ್‌ನ 1570ರ ಭೂಪಟ, 1625ರ ಭೂಪಟ, 1705ರ ಭೂಪಟ ಮೂರನ್ನೂ ಒಂದೇ ತೆರೆದ ಪುಟದಲ್ಲಿ ಇಟ್ಟರೆ ಕಣ್ಣೇ ವಾದವನ್ನು ಮುಗಿಸಿಬಿಡುತ್ತದೆ. ಈ ಪ್ರಕಾರದ ಪುಸ್ತಕಗಳಲ್ಲಿ ಚಿತ್ರವೇ ಸಾಕ್ಷಿ ಎನ್ನುವುದು ಇದಕ್ಕೆ.

ಇದು ನಿನ್ನೆ ಮೊನ್ನೆ ಹುಟ್ಟಿದ ಪ್ರಕಾರವೂ ಅಲ್ಲ. ಅಚ್ಚಿನ ಯಂತ್ರ ಬಂದು ಅರ್ಧ ಶತಮಾನ ಕಳೆಯುವುದರೊಳಗೆ, 1493ರಲ್ಲಿ, ಜರ್ಮನಿಯ ನ್ಯೂರೆಂಬರ್ಗಿನಲ್ಲಿ ಹಾರ್ಟ್‌ಮನ್ ಶೆಡೆಲ್‌ನ ಜಗತ್ತಿನ ಚರಿತ್ರೆ ಹೊರಬಂತು. ಅದರಲ್ಲಿ ಚಿತ್ರಗಳು 1,809. ಅವನ್ನು ಒತ್ತಲು ಬಳಸಿದ ಮರದ ಅಚ್ಚುಗಳು 645 ಮಾತ್ರ. ಹಾಗಾಗಿ ಒಂದೇ ಅಚ್ಚಿನ ಊರು ಬೇರೆ ಬೇರೆ ಹೆಸರು ಹೊತ್ತು ಬೇರೆ ಬೇರೆ ಪುಟಗಳಲ್ಲಿ ಕಾಣಿಸಿಕೊಳ್ಳುತ್ತದೆ. ನ್ಯೂರೆಂಬರ್ಗಿನ ಚಿತ್ರ ಮಾತ್ರ ನೋಡಿ ಬರೆದದ್ದು, ಬುರುಜು ಬುರುಜೂ ಗುರುತಿಸುವಷ್ಟು ನಿಜ. ಪುಸ್ತಕದ ಕೊನೆಯ ಭಾಗದಲ್ಲಿ, ಪ್ರಳಯಕಾಲದ ವಿವರಕ್ಕೆ ಮುಂಚೆ, ಕೆಲವು ಹಾಳೆಗಳನ್ನು ಖಾಲಿ ಬಿಡಲಾಗಿದೆ. ಇನ್ನು ಮುಂದೆ ನಡೆಯುವುದನ್ನು ಓದುಗನೇ ಬರೆದುಕೊಳ್ಳಲಿ ಎಂದು. 1544ರಲ್ಲಿ ಬಾಸೆಲ್‌ನ ಸೆಬಾಸ್ಟಿಯನ್ ಮ್ಯುನ್‌ಸ್ಟರ್‌ನ ಗ್ರಂಥ ಭೂಪಟ, ಊರು, ಪ್ರಾಣಿ, ರಾಜವಂಶ, ವಿಚಿತ್ರ ಜನಾಂಗ ಎಲ್ಲವನ್ನೂ ಸಾಮಾನ್ಯ ಓದುಗನಿಗೆ ಜರ್ಮನ್ ಭಾಷೆಯಲ್ಲೇ ತಂದುಕೊಟ್ಟಿತು. ನಾಯಿತಲೆಯ ಭಾರತೀಯರು ಅದರಲ್ಲೂ ಇದ್ದಾರೆ, ಗ್ರೀಕರ ಕಾಲದಿಂದ ನಡೆದುಬಂದವರು. ಅಂದರೆ ಭೂಪಟ ಮತ್ತು ವಿಲಕ್ಷಣ ಸಂಗತಿಗಳ ಸಹವಾಸ ಐದು ಶತಮಾನದ ಹಳೆಯದು. ಓದುಗನ ಕುತೂಹಲವೇ ಬಂಡವಾಳ ಒದಗಿಸಿ ಭೂಗೋಳದ ಪುಸ್ತಕಗಳನ್ನು ಸಾಕಿತು ಎಂದರೂ ತಪ್ಪಿಲ್ಲ.

ಆ ಸಹವಾಸದೊಳಗಿಂದಲೇ ಶಿಸ್ತು ಕೂಡ ಹುಟ್ಟಿತು. 1570ರ ಮೇ ತಿಂಗಳಲ್ಲಿ ಆಂಟ್‌ವರ್ಪ್‌ನಲ್ಲಿ ಅಬ್ರಹಾಂ ಓರ್ಟೇಲಿಯಸ್ ಪ್ರಕಟಿಸಿದ ಗ್ರಂಥವನ್ನು ಇಂದಿನ ಅರ್ಥದ ಮೊದಲ ಅಟ್ಲಾಸ್ ಎನ್ನುತ್ತಾರೆ: ಒಂದೇ ಅಳತೆಯ ಹಾಳೆ, ಒಂದೇ ಶೈಲಿ, 53 ಭೂಪಟ. ಅದರ ಮೊದಲಿಗೆ ತಾನು ಯಾರ ಯಾರ ಭೂಪಟಗಳನ್ನು ಆಧರಿಸಿದ್ದೇನೆ ಎಂದು 87 ಮಂದಿಯ ಹೆಸರನ್ನು ಓರ್ಟೇಲಿಯಸ್ ಕೊಟ್ಟ. ಪ್ರತಿ ಭೂಪಟದ ಹಿಂಬದಿಯಲ್ಲಿ ಆ ಪ್ರದೇಶದ ವಿವರಣೆಯನ್ನು ಅಚ್ಚು ಹಾಕಿಸಿದ. ಈ ಎರಡನೆಯ ಸಂಗತಿ ನನ್ನ ವಾದಕ್ಕೆ ಮುಖ್ಯ. ನಂತರದ ಕಾಲದಲ್ಲಿ ಹಳೆಯ ವಸ್ತುಗಳ ವ್ಯಾಪಾರಿಗಳು ಇಂಥ ಅಟ್ಲಾಸ್‌ಗಳನ್ನು ಬಿಚ್ಚಿ, ಹಾಳೆ ಹಾಳೆಯಾಗಿ ಮಾರಿದರು. ಗೋಡೆಯ ಮೇಲೆ ಚೌಕಟ್ಟಿನಲ್ಲಿ ಸಿಕ್ಕಿಬಿದ್ದ ಹಾಳೆಯ ಹಿಂಬದಿ ಯಾರಿಗೂ ಕಾಣುವುದಿಲ್ಲ. ಅಕ್ಕಪಕ್ಕದ ಹಾಳೆ ಇಲ್ಲ, ಆಧಾರಗಳ ಪಟ್ಟಿ ಇಲ್ಲ. ಉಳಿದದ್ದು ಬಣ್ಣ ಮತ್ತು ಬೆಲೆ. ಹಳೆಯ ಭೂಪಟ ಬರೀ ಅಲಂಕಾರವಾದದ್ದು ಹೀಗೆ, ಪುಸ್ತಕದಿಂದ ಹೊರಗೆ ಬಂದ ಮೇಲೆ. ಇಂದಿನ ಒಳ್ಳೆಯ ಸಚಿತ್ರ ಪುಸ್ತಕ ಮಾಡುವ ಕೆಲಸ ಇದರ ಉಲ್ಟಾ. ಅದು ಬಿಡಿ ಹಾಳೆಯನ್ನು ಮತ್ತೆ ಮಾತಿನ ನಡುವೆ, ಬೇರೆ ಹಾಳೆಗಳ ನಡುವೆ ತಂದು ಕೂರಿಸುತ್ತದೆ.

ಈಗ ಆಕ್ಷೇಪಗಳಿಗೆ ಬರೋಣ. ಮೊದಲನೆಯದು ಇತಿಹಾಸಕಾರರದ್ದು: ಇವು ಚರಿತ್ರೆಯನ್ನು ವಿಚಿತ್ರ ವಸ್ತುಗಳ ಪ್ರದರ್ಶನವಾಗಿಸುತ್ತವೆ, ಸಾವಿರ ಸಾಧಾರಣ ಭೂಪಟಗಳನ್ನು ಬದಿಗಿಟ್ಟು ಒಂದು ರಾಕ್ಷಸನಿರುವ ಭೂಪಟವನ್ನು ಆರಿಸುತ್ತವೆ, ಹಿಂದಿನವರೆಲ್ಲ ಮೂಢರು ಎಂಬ ಭಾವನೆ ಬಿತ್ತುತ್ತವೆ. ಈ ಮಾತಿನಲ್ಲಿ ಸತ್ಯ ಇದೆ. ಒಂದು ಪುಟಕ್ಕೆ ಒಂದು ಸೋಜಿಗ, ಅದರ ಕೆಳಗೆ ಎರಡು ಸಾಲಿನ ಬೆರಗು, ಇಷ್ಟೇ ಇರುವ ಪುಸ್ತಕಗಳು ಮಾರುಕಟ್ಟೆಯಲ್ಲಿ ಬೇಕಾದಷ್ಟಿವೆ, ಅವುಗಳ ಪರ ನಾನು ವಾದಿಸುವುದಿಲ್ಲ. ಆದರೆ ದೋಷ ವಿಚಿತ್ರವಾದದ್ದನ್ನು ಆರಿಸಿಕೊಂಡದ್ದರಲ್ಲಿ ಇಲ್ಲ, ಅದರ ಕಾರಣವನ್ನು ಹುಡುಕದೆ ಬಿಟ್ಟದ್ದರಲ್ಲಿ ಇದೆ. ಒಲಾಸ್ ಮ್ಯಾಗ್ನಸ್ ಎಂಬ ಸ್ವೀಡನ್ನಿನ ಪಾದ್ರಿ 1539ರಲ್ಲಿ ವೆನಿಸ್‌ನಲ್ಲಿ ಅಚ್ಚು ಹಾಕಿಸಿದ ಉತ್ತರದೇಶಗಳ ಭೂಪಟವನ್ನೇ ನೋಡಿ. ಒಂಬತ್ತು ಮರದ ಅಚ್ಚುಗಳಿಂದ ಒತ್ತಿದ, ಒಂದೂಮುಕ್ಕಾಲು ಮೀಟರಿನಷ್ಟು ಅಗಲದ ಹಾಳೆ. ಅದರ ಕಡಲಿನಲ್ಲಿ ಹಡಗು ಸುತ್ತಿಕೊಂಡ ಕೆಂಪು ಹಾವು, ದ್ವೀಪವೆಂದು ಬಗೆದು ನಾವಿಕರು ಲಂಗರು ಹಾಕಿ ಅಡುಗೆಗೆ ಬೆಂಕಿ ಹೊತ್ತಿಸಿದ ತಿಮಿಂಗಿಲ, ಮನುಷ್ಯನನ್ನು ಇಕ್ಕಳದಲ್ಲಿ ಹಿಡಿದ ದೈತ್ಯ ನಳ್ಳಿ ಎಲ್ಲ ಇವೆ. ಎಲ್ಲ ಸಚಿತ್ರ ಪುಸ್ತಕಗಳಿಗೂ ಇದು ಅಚ್ಚುಮೆಚ್ಚು. ಇದೇ ಭೂಪಟದಲ್ಲಿ ಐಸ್‌ಲ್ಯಾಂಡ್ ಮತ್ತು ಫ್ಯಾರೋ ದ್ವೀಪಗಳ ಪೂರ್ವದ ಕಡಲಲ್ಲಿ ಸುರುಳಿ ಸುರುಳಿಯಾದ ಗೆರೆಗಳಿವೆ. ಬಹುಕಾಲ ಅವನ್ನು ಅಲಂಕಾರ ಎಂದೇ ತಿಳಿದಿದ್ದರು. 2003ರಲ್ಲಿ ಇಬ್ಬರು ವಿಜ್ಞಾನಿಗಳು ಅವನ್ನು ಉಪಗ್ರಹ ಚಿತ್ರಗಳ ಜೊತೆ ಹೋಲಿಸಿ, ತಣ್ಣನೆಯ ಮತ್ತು ಬೆಚ್ಚನೆಯ ನೀರು ಕೂಡುವ ಗಡಿಯಲ್ಲಿ ನಿಜವಾಗಿ ಏಳುವ ಸುಳಿಗಳಿಗೆ ಅವು ಹೊಂದುತ್ತವೆ ಎಂದು ವಾದಿಸಿದರು. ಅದು ಸರಿಯಾದರೆ, ಆ ಭಾಗದಲ್ಲಿ ಹಡಗು ನಡೆಸಿದ ಜನರ ಅನುಭವವನ್ನೇ ಒಲಾಸ್ ಕೇಳಿ ದಾಖಲಿಸಿದ್ದಾನೆ. ಹಾವನ್ನು ಬರೆದ ಕೈಯೇ ಸುಳಿಯನ್ನೂ ಬರೆದಿದೆ, ಎರಡಕ್ಕೂ ನಾವಿಕರ ಮಾತೇ ಆಧಾರ. ಯಾವುದು ನಿಜ, ಯಾವುದು ಕಥೆ ಎಂದು ವಿಂಗಡಿಸುವ ಉಪಾಯ ಅವನ ಬಳಿ ಇರಲಿಲ್ಲ. ಇಷ್ಟನ್ನು ತಿಳಿದ ಓದುಗ ಹಿಂದಿನವರನ್ನು ಮೂಢರೆಂದು ನಗಲಾರ. ಆ ನಗು ಹುಟ್ಟಿದ್ದೇ ಅವನಿಗೆ ಅರ್ಧ ವಿಷಯ ಹೇಳಿದ್ದರಿಂದ.

ಹಿಂದಿನವರ ತಪ್ಪು ಹಿಂದಿನವರದ್ದು ಎಂದುಕೊಳ್ಳುವ ಧೈರ್ಯವೂ ನಮಗೆ ಸಲ್ಲದು. ಆಸ್ಟ್ರೇಲಿಯ ಮತ್ತು ನ್ಯೂ ಕ್ಯಾಲೆಡೋನಿಯದ ನಡುವೆ ಸ್ಯಾಂಡಿ ಐಲ್ಯಾಂಡ್ ಎಂಬ ದ್ವೀಪ ಇದೆ ಎಂದು 1876ರಲ್ಲಿ ವೆಲಾಸಿಟಿ ಎಂಬ ಹಡಗಿನಿಂದ ವರದಿ ಬಂತು. 1908ರ ಬ್ರಿಟಿಷ್ ನೌಕಾಪಟದಲ್ಲಿ ಅದು ಸೇರಿತು. ಅಲ್ಲಿಂದ ಕಂಪ್ಯೂಟರಿನ ದತ್ತಾಂಶಗಳಿಗೆ ಇಳಿದು, ಗೂಗಲ್ ಮ್ಯಾಪ್‌ನಲ್ಲೂ ಕಾಣಿಸಿಕೊಂಡಿತು. 2012ರಲ್ಲಿ ಆಸ್ಟ್ರೇಲಿಯದ ಒಂದು ಸಂಶೋಧನಾ ಹಡಗು ಆ ಜಾಗಕ್ಕೆ ಹೋದಾಗ ಅಲ್ಲಿದ್ದದ್ದು ಸಾವಿರ ಮೀಟರಿಗೂ ಆಳದ ನೀರು. ಉಪಗ್ರಹಗಳ ಕಾಲದಲ್ಲೂ ಒಂದು ಪಟದಿಂದ ಇನ್ನೊಂದಕ್ಕೆ ನಕಲಾಗುವ ತಪ್ಪಿನ ಹಾದಿ ರೆನೆಲ್‌ನ ಪರ್ವತದ ಹಾದಿಯೇ. ಕಾಂಗ್ ಪರ್ವತದ ಕಥೆ ಓದಿದವನಿಗೆ ಸ್ಯಾಂಡಿ ಐಲ್ಯಾಂಡಿನ ಸುದ್ದಿ ಬರೀ ಬೆರಗಾಗಿ ಉಳಿಯುವುದಿಲ್ಲ. ಎಲ್ಲ ಕಡೆ ಒಂದೇ ಮಾತು ಇದೆ ಎಂದರೆ ಎಲ್ಲರೂ ನೋಡಿ ಹೇಳಿದ್ದಾರೋ, ಒಬ್ಬ ಹೇಳಿದ್ದನ್ನು ಎಲ್ಲರೂ ಹೇಳಿದ್ದಾರೋ ಎಂದು ಕೇಳುವುದನ್ನು ಅವನು ಕಲಿತಿರುತ್ತಾನೆ.

ಎರಡನೆಯ ಆಕ್ಷೇಪ ಇನ್ನೂ ಗಂಭೀರವಾದದ್ದು. ಹಳೆಯ ಭೂಪಟಗಳು ಬಹುಮಟ್ಟಿಗೆ ಸಾಮ್ರಾಜ್ಯದ ಕೈಯ ಸಾಧನಗಳು. ಕಂದಾಯ ವಸೂಲಿಗೆ, ಸೈನ್ಯ ನಡೆಸಲಿಕ್ಕೆ, ಗಡಿ ಹಾಕಲಿಕ್ಕೆ ಅವನ್ನು ಬರೆಸಿದರು. ಅವನ್ನು ನುಣುಪು ಕಾಗದದ ಮೇಲೆ ಸುಂದರ ವಸ್ತುಗಳಾಗಿ ಮರುಮುದ್ರಿಸಿದರೆ ಅದರೊಳಗಿನ ಹಿಂಸೆಯನ್ನು ತೊಳೆದುಹಾಕಿದಂತೆ ಆಗುವುದಿಲ್ಲವೇ? ಇದಕ್ಕೆ ಉತ್ತರವನ್ನು ರೆನೆಲ್‌ನ ಇನ್ನೊಂದು ಭೂಪಟದಲ್ಲೇ ಹುಡುಕಬಹುದು, ಮತ್ತು ಅದು ನೇರವಾಗಿ ಕರ್ನಾಟಕಕ್ಕೆ ಸಂಬಂಧಿಸಿದ್ದು. 1782ರ ಹಿಂದುಸ್ತಾನದ ಭೂಪಟದ ಶೀರ್ಷಿಕೆಯ ಸುತ್ತ ಒಂದು ಚಿತ್ರ ಇದೆ. ಬ್ರಿಟನ್ನಿನ ಪ್ರತೀಕವಾದ ಬ್ರಿಟಾನಿಯ ದೇವಿ ನಿಂತಿದ್ದಾಳೆ. ಬ್ರಾಹ್ಮಣ ಪಂಡಿತರು ತಮ್ಮ ಶಾಸ್ತ್ರಗ್ರಂಥಗಳನ್ನು ಅವಳಿಗೆ ಒಪ್ಪಿಸುತ್ತಿದ್ದಾರೆ. ಅವಳಿಗೆ ಆಸರೆಯಾದ ಪೀಠದ ಮೇಲೆ ಬ್ರಿಟಿಷರು ಭಾರತದಲ್ಲಿ ಗೆದ್ದ ಯುದ್ಧಗಳ ಹೆಸರುಗಳಿವೆ. ಒಬ್ಬ ಸಿಪಾಯಿ ತನ್ನ ಜೊತೆಗಾರನಿಗೆ ಅವುಗಳಲ್ಲಿ ಎರಡನ್ನು ಬೆರಳು ಮಾಡಿ ತೋರಿಸುತ್ತಿದ್ದಾನೆ: ಪೋರ್ಟೊ ನೋವೊ ಮತ್ತು ಶೋಲಿಂಗೂರು. ಎರಡೂ 1781ರಲ್ಲಿ ಜನರಲ್ ಐರ್ ಕೂಟ್ ಹೈದರಾಲಿಯ ವಿರುದ್ಧ ಗೆದ್ದ ಕದನಗಳು. ಇದನ್ನೆಲ್ಲ ನಾವು ಊಹಿಸಬೇಕಾಗಿಯೂ ಇಲ್ಲ. ಈ ಚಿತ್ರದ ಅರ್ಥವನ್ನು ರೆನೆಲ್ ತನ್ನ ವಿವರಣಾ ಗ್ರಂಥದಲ್ಲಿ ತಾನೇ ಬರೆದಿಟ್ಟಿದ್ದಾನೆ.

ಆ ಪಟ್ಟಿಯಲ್ಲಿ ಏನಿಲ್ಲ ಎಂಬುದನ್ನೂ ನೋಡಬೇಕು. 1780ರ ಸೆಪ್ಟೆಂಬರ್ 10ರಂದು ಕಂಚಿಯ ಹತ್ತಿರ ಪೊಳ್ಳಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಕರ್ನಲ್ ಬೇಯ್ಲಿಯ ಪಡೆಯನ್ನು ನುಚ್ಚುನೂರು ಮಾಡಿದ್ದರು. ಬೇಯ್ಲಿ ಸೆರೆಸಿಕ್ಕಿ, ಶ್ರೀರಂಗಪಟ್ಟಣದಲ್ಲೇ ತೀರಿಕೊಂಡ. ಬ್ರಿಟಾನಿಯಳ ಪೀಠದಲ್ಲಿ ಸೋಲಿಗೆ ಜಾಗ ಇಲ್ಲ. ಅದಕ್ಕೆ ಜಾಗ ಸಿಕ್ಕಿದ್ದು 1784ರಲ್ಲಿ ಟಿಪ್ಪು ಕಟ್ಟಿಸಿದ ದರಿಯಾ ದೌಲತ್ತಿನ ಗೋಡೆಯ ಮೇಲೆ. ಅಲ್ಲಿ ಬೇಯ್ಲಿ ಗಾಯಗೊಂಡು ಪಲ್ಲಕ್ಕಿಯಲ್ಲಿ ಕೂತಿದ್ದಾನೆ, ಅವನ ಸುತ್ತ ಇಂಗ್ಲಿಷ್ ಸೈನಿಕರ ಚೌಕಕಟ್ಟು, ನಡುವೆ ಮದ್ದಿನ ಬಂಡಿ ಸಿಡಿಯುತ್ತಿದೆ, ಮೈಸೂರಿನ ಕುದುರೆಪಡೆ ಎರಡೂ ಕಡೆಯಿಂದ ನುಗ್ಗುತ್ತಿದೆ. ಆ ಗೋಡೆಗೆ ಆಮೇಲೆ ಮರುಬಣ್ಣ ಬಿದ್ದಿದೆ, ಅದನ್ನೂ ಎಚ್ಚರದಿಂದಲೇ ಓದಬೇಕು. ಅದೂ ಗೆದ್ದವನು ಬರೆಸಿದ ಚಿತ್ರವೇ. ಆದರೆ ಲಂಡನ್ನಿನ ಭೂಪಟದ ಮೂಲೆಯ ಚಿತ್ರವನ್ನೂ ಶ್ರೀರಂಗಪಟ್ಟಣದ ಗೋಡೆಯ ಚಿತ್ರವನ್ನೂ ಒಂದು ಪುಸ್ತಕ ಎದುರುಬದುರು ಇಟ್ಟಿತು ಎನ್ನಿ. ಆಗ ಭೂಪಟ ನಿಷ್ಪಕ್ಷಪಾತವಾದ ಅಳತೆಯ ಹಾಳೆ ಎಂಬ ಭ್ರಮೆ ಯಾರಲ್ಲೂ ಉಳಿಯುವುದಿಲ್ಲ. ಸಾಮ್ರಾಜ್ಯ ತನ್ನ ಬಗ್ಗೆ ಏನು ನಂಬಿಸಬೇಕೆಂದಿತ್ತು ಎಂಬುದು ಭೂಪಟದ ಅಳತೆಯ ಗೆರೆಗಳಲ್ಲಿ ಕಾಣುವುದಕ್ಕಿಂತ ಸ್ಪಷ್ಟವಾಗಿ ಅದರ ಅಂಚಿನ ಅಲಂಕಾರದಲ್ಲಿ ಕಾಣುತ್ತದೆ. ಹಾಗಾಗಿ ಆಕ್ಷೇಪಕ್ಕೆ ಪರಿಹಾರ ಭೂಪಟವನ್ನು ಮುಚ್ಚಿಡುವುದರಲ್ಲಿ ಇಲ್ಲ. ಅಂಚನ್ನು ಕತ್ತರಿಸದೆ ಇಡೀ ಹಾಳೆಯನ್ನು ಅಚ್ಚುಹಾಕಿ, ಅಂಚಿನ ಚಿತ್ರವನ್ನು ದೊಡ್ಡದು ಮಾಡಿ ತೋರಿಸಿ, ಅದು ಹೇಳುವುದನ್ನೂ ಮುಚ್ಚಿಡುವುದನ್ನೂ ಬರೆಯುವುದರಲ್ಲಿ ಇದೆ.

ಹಳೆಯ ಭೂಪಟಗಳನ್ನು ಮರುಮುದ್ರಿಸುವ ಕೆಲಸವೂ ಉದ್ದೇಶ ಇಲ್ಲದೆ ನಡೆದದ್ದಲ್ಲ ಎಂಬುದನ್ನು ಇದರ ಜೊತೆಗೇ ನೆನೆಯಬೇಕು. 19ನೇ ಶತಮಾನದಲ್ಲಿ ಹಳೆಯ ಭೂಪಟಗಳ ಯಥಾಪ್ರತಿಗಳನ್ನು ಗ್ರಂಥವಾಗಿ ತಂದ ಮೊದಲಿಗರಲ್ಲಿ ಒಬ್ಬ ಪೋರ್ಚುಗಲ್ಲಿನ ವೈಕೌಂಟ್ ಸಾಂತರೇಂ. ಪ್ಯಾರಿಸ್ಸಿನಲ್ಲಿ ನೆಲೆಸಿ 1841ರಿಂದ ತನ್ನ ಅಟ್ಲಾಸನ್ನು ಅವನು ಹೊರತಂದದ್ದಕ್ಕೆ ರಾಜಕೀಯ ಕಾರಣವಿತ್ತು: ಪಶ್ಚಿಮ ಆಫ್ರಿಕದ ಕರಾವಳಿಯನ್ನು ಮೊದಲು ಕಂಡವರು ಪೋರ್ಚುಗೀಸರೇ ಹೊರತು ಫ್ರೆಂಚರಲ್ಲ ಎಂದು ಸಾಬೀತು ಮಾಡಬೇಕಿತ್ತು. ಆ ಉದ್ದೇಶ ಇಂದು ಯಾರಿಗೂ ಬೇಕಾಗಿಲ್ಲ. ಆದರೆ ಅದಕ್ಕಾಗಿ ಅವನು ಕಲೆಹಾಕಿ ಅಚ್ಚುಹಾಕಿದ ಮಧ್ಯಯುಗದ ಭೂಪಟಗಳು ಹಲವು ತಲೆಮಾರಿನ ವಿದ್ವಾಂಸರಿಗೆ ಒದಗಿದವು. ಪ್ರಕಟಿಸಿದವನ ಉದ್ದೇಶವನ್ನು ಮೀರಿ ಚಿತ್ರ ಉಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ಮಾತಿನ ವಾದವನ್ನು ಬರೆದವನು ಹೇಳಿದಂತೆಯೇ ಓದಬೇಕಾಗುತ್ತದೆ. ಇಡಿಯಾಗಿ ಅಚ್ಚಾದ ಭೂಪಟವನ್ನು ಪ್ರಕಟಿಸಿದವನ ವಿರುದ್ಧವೂ ಓದಬಹುದು.

ಮೂರನೆಯ ಆಕ್ಷೇಪ ಈ ಕಾಲದ್ದು. ಡೇವಿಡ್ ರಮ್ಸಿ ಸಂಗ್ರಹದಂಥ ಜಾಲತಾಣಗಳಲ್ಲಿ ಲಕ್ಷಕ್ಕೂ ಹೆಚ್ಚು ಭೂಪಟಗಳು ಪುಕ್ಕಟೆಯಾಗಿ ಸಿಗುವಾಗ, ಒಂದೊಂದು ಅಕ್ಷರವನ್ನೂ ಹಿಗ್ಗಿಸಿ ನೋಡಬಹುದಾದಾಗ, ದುಬಾರಿ ಪುಸ್ತಕ ಯಾರಿಗೆ ಬೇಕು? ಸಂಶೋಧಕನಿಗೆ ಆ ಸಂಗ್ರಹಗಳು ದೊಡ್ಡ ವರ, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಂಗ್ರಹದಲ್ಲಿ ಹುಡುಕಬೇಕಾದರೆ ಏನನ್ನು ಹುಡುಕಬೇಕು ಎಂದು ಮೊದಲೇ ಗೊತ್ತಿರಬೇಕು. ಕಾಂಗ್ ಪರ್ವತದ ಹೆಸರನ್ನೇ ಕೇಳದವನು ಅದನ್ನು ಹುಡುಕುವುದಾದರೂ ಹೇಗೆ? ಲಕ್ಷ ಭೂಪಟಗಳಲ್ಲಿ ಯಾವ ಮೂರನ್ನು ಒಟ್ಟಿಗೆ ಇಟ್ಟರೆ ಒಂದು ವಾದ ಹುಟ್ಟುತ್ತದೆ ಎಂದು ಆರಿಸುವುದು, ಅವನ್ನು ಒಂದು ಕ್ರಮದಲ್ಲಿ ಜೋಡಿಸುವುದು, ನಡುವಿನ ಕೊಂಡಿಯನ್ನು ಬರೆಯುವುದು, ಇವು ಲೇಖಕನ ಕೆಲಸ. ಉಗ್ರಾಣದಲ್ಲಿ ದಿನಸಿ ತುಂಬಿದೆ ಎಂದ ಮಾತ್ರಕ್ಕೆ ಊಟಕ್ಕೆ ಎಲೆ ಹಾಕಿದಂತೆ ಆಗುವುದಿಲ್ಲ. ಪರದೆಯ ಮೇಲೆ ಒಂದು ಸಲಕ್ಕೆ ಒಂದು ಚಿತ್ರ ಹಿಗ್ಗುತ್ತದೆ, ಪಕ್ಕದ್ದು ಮರೆಯಾಗುತ್ತದೆ. ತೆರೆದ ಪುಟದಲ್ಲಿ ಎರಡೂ ಒಟ್ಟಿಗೆ ನಿಲ್ಲುತ್ತವೆ. ಹೋಲಿಸಿ ನೋಡುವುದೇ ಮುಖ್ಯವಾದ ಈ ವಿಷಯದಲ್ಲಿ ಅದು ಸಣ್ಣ ವ್ಯತ್ಯಾಸ ಅಲ್ಲ.

ಈ ಮಾತುಗಳಿಂದ ಕನ್ನಡದ ಓದಿಗೂ ಒಂದು ಬೇಡಿಕೆ ಹುಟ್ಟುತ್ತದೆ. ನಮ್ಮ ನಾಡು ಈ ಭೂಪಟಗಳ ಚರಿತ್ರೆಯೊಳಗೇ ಇದೆ. ಸಾಳುವ ನರಸಿಂಹನ ಹೆಸರಿನಿಂದ ವಿಜಯನಗರವನ್ನು ನರ್ಸಿಂಗ ರಾಜ್ಯ ಎಂದು ಕರೆದವರು ಪೋರ್ಚುಗೀಸರು. 1565ರ ಸೋಲಿನ ನಂತರ ಹಲವು ದಶಕ ಕಳೆದರೂ ಡಚ್ ಭೂಪಟಗಳು ದಕ್ಷಿಣ ಭಾರತದ ಮೇಲೆ ಆ ಹೆಸರನ್ನು ಅಚ್ಚು ಹಾಕುತ್ತಲೇ ಇದ್ದವು. ಅದನ್ನು ಬರೀ ತಪ್ಪು ಎನ್ನಲಾಗದು, ಪೆನುಕೊಂಡೆ, ಚಂದ್ರಗಿರಿಗಳಲ್ಲಿ ಅರವೀಡು ವಂಶದ ಅರಸರು ಆ ಸಿಂಹಾಸನದ ಹೆಸರಿನಲ್ಲಿ 17ನೇ ಶತಮಾನದಲ್ಲೂ ಆಳುತ್ತಿದ್ದರು. ಬರೀ ಸರಿ ಎನ್ನಲೂ ಆಗದು, ಹಂಪಿಯ ಬೀದಿಗಳು ಆಗಲೇ ಹಾಳುಬಿದ್ದಿದ್ದವು. ಟಿಪ್ಪುವಿನ ಪತನದ ನಂತರ ಮೈಸೂರು ಸೀಮೆಯ ಮೋಜಣಿಗೆ ಇಳಿದ ಕಾಲಿನ್ ಮೆಕೆಂಜಿ ಗಡಿ ಕೆರೆ ಬೆಟ್ಟಗಳ ಜೊತೆಗೆ ಶಾಸನ, ಕೈಫಿಯತ್ತು, ಚಿತ್ರಗಳನ್ನೂ ಕೂಡಿಹಾಕಿದ, ತನ್ನ ಸಹಾಯಕರಾದ ಕಾವಲಿ ಸಹೋದರರ ದುಡಿಮೆಯಿಂದ. ಭೂಮಾಪಕ ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ತನ್ನ ಮೋಜಣಿಯ ಮೊದಲ ಆಧಾರರೇಖೆಯನ್ನು ಅಳೆದದ್ದು ಬೆಂಗಳೂರಿನ ಬಳಿ. ಇವೆಲ್ಲ ಒಂದೇ ಪುಸ್ತಕದಲ್ಲಿ ಇಡೀ ಹಾಳೆಗಳಾಗಿ, ಅಂಚು ಕತ್ತರಿಸದೆ, ಯಾರು ಯಾಕೆ ಬರೆಸಿದರು ಎಂಬ ವಿವರದೊಂದಿಗೆ ಕನ್ನಡದಲ್ಲಿ ಬಂದರೆ, ಹತ್ತನೇ ತರಗತಿಯ ಹುಡುಗಿಯೂ ಚರಿತ್ರೆಯನ್ನು ತೀರ್ಪುಗಳ ಪಟ್ಟಿಯಾಗಿ ಬಾಯಿಪಾಠ ಮಾಡದೆ, ಸಾಕ್ಷಿಗಳನ್ನು ಮುಂದಿಟ್ಟುಕೊಂಡು ವಿಚಾರಣೆ ಮಾಡಲು ಕಲಿಯುತ್ತಾಳೆ. ಇಂಥ ಪುಸ್ತಕ ಎದುರಿಗೆ ಬಂದಾಗ ಅದನ್ನು ಅಳೆಯಲು ಮೂರು ಪ್ರಶ್ನೆ ಸಾಕು: ಭೂಪಟವನ್ನು ಪೂರ್ತಿ ತೋರಿಸಿದೆಯೇ, ತಪ್ಪಿನ ಹಿಂದಿನ ಕಾರಣವನ್ನು ಹೇಳಿದೆಯೇ, ಅದರ ಹಿಂದಿನ ಮತ್ತು ಮುಂದಿನ ಭೂಪಟವನ್ನು ಪಕ್ಕದಲ್ಲಿ ಇಟ್ಟಿದೆಯೇ. ಮೂರಕ್ಕೂ ಹೌದೆನ್ನುವ ಪುಸ್ತಕ ಎಷ್ಟು ಬಣ್ಣಬಣ್ಣದ್ದಾಗಿದ್ದರೂ ಅದನ್ನು ಚರಿತ್ರೆಯ ಪುಸ್ತಕಗಳ ಸಾಲಿನಲ್ಲೇ ಇಡಬೇಕು.